ಮುರುಕು ಚಿನ್ನ ಹಡಗು ಹತ್ತಿದ ಬಗೆ

(ಗಿರಣಿ ಕಾರ್ಮಿಕರ ವಾಚನಾಲಯದಲ್ಲಿ ಕಳೆದ ವಾರ ಮಾಡಿದ ಭಾಷಣ. ರಾತ್ರಿ ಪಾಳಿಯಿದ್ದು ಬರಲಾಗದವರಿಗಾಗಿ ಇಲ್ಲಿ ಅಚ್ಚು ಮಾಡಿದೆ.)

ಸಂಗಾತಿಗಳೇ, ಅಂಗಡಿಯ ಬಾಗಿಲು ಬೇಗ ಎಳೆದು ಬಂದಿರುವ ವರ್ತಕ ಮಿತ್ರರೇ, ತಾಯಂದಿರೇ,

ಗಿರಣಿಯ ಗೇಟಿನಿಂದ ಬಸ್ ನಿಲ್ದಾಣದವರೆಗೆ ಒಂದು ಸಲ ನಡೆದು ಹೋಗಿ. ‘ಹಳೇ ಚಿನ್ನ ಕೊಳ್ಳುತ್ತೇವೆ, ಕೂಡಲೇ ರೊಕ್ಕ’ ಎಂಬ ಬೋರ್ಡುಗಳು ಈ ಆರು ತಿಂಗಳಲ್ಲಿ ಎಷ್ಟು ಎದ್ದಿವೆ ಎಂದು ಎಣಿಸಿ. ನಾವು ಎಣಿಸಿದಾಗ ಐದಿದ್ದವು. ಗಿರಣಿಯಲ್ಲಿ ಮೂರು ತಿಂಗಳ ಸಂಬಳ ಬಾಕಿ ನಿಂತದ್ದಕ್ಕೂ ಈ ಐದು ಬೋರ್ಡುಗಳಿಗೂ ಏನು ಸಂಬಂಧವೆಂದು ನಿಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆ ಬೋರ್ಡಿನ ಕೆಳಗೆ ಕೊಟ್ಟ ಮೂಗುತಿ, ಮುರಿದ ಬೆಂಡೋಲೆ, ಸವೆದ ಗುಂಡಿನ ಸರ ಆಮೇಲೆ ಎಲ್ಲಿಗೆ ಹೋಗುತ್ತದೆ, ಅದರ ಲಾಭ ಯಾರ ಲೆಕ್ಕಕ್ಕೆ ಸೇರುತ್ತದೆ ಎಂಬುದು ಮಾತ್ರ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಅದನ್ನು ತಿಳಿಯಬೇಕಾದರೆ ಸುಮಾರು ತೊಂಬತ್ತು ವರ್ಷ ಹಿಂದಕ್ಕೆ ಹೋಗಬೇಕು. ನಮ್ಮ ದೇಶದ ಮುರುಕು ಚಿನ್ನ ಮೂಟೆಗಟ್ಟಲೆ ಸಮುದ್ರ ದಾಟಿದ ಕಾಲ ಅದು.

1929ರಲ್ಲಿ ಲೋಕವ್ಯಾಪಾರ ಕುಸಿಯಿತು. ಕಲ್ಕತ್ತೆಯ ಸಗಟು ಬೆಲೆಗಳ ಸೂಚಿ 1929ರಲ್ಲಿ 141 ಇದ್ದದ್ದು 1933ರ ಹೊತ್ತಿಗೆ 87ಕ್ಕೆ ಇಳಿಯಿತು. ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ, ಎರಡು ಚೀಲ ಮಾಲು ಮಾರಿ ಕಟ್ಟುತ್ತಿದ್ದ ಕಂದಾಯಕ್ಕೆ ಈಗ ಮೂರು ಚೀಲ ಮಾರಿದರೂ ಸಾಲದು. ಹತ್ತಿ ಬಿತ್ತಿದವನ ಕಥೆಯೂ ಅದೇ, ಜೋಳ ಬಿತ್ತಿದವನ ಕಥೆಯೂ ಅದೇ. ಬೆಲೆ ಬಿತ್ತೆಂದು ಕಂದಾಯ ಇಳಿಯಲಿಲ್ಲ, ಸಾವುಕಾರನ ಬಡ್ಡಿ ಇಳಿಯಲಿಲ್ಲ. ಅಂಕೋಲೆ, ಸಿದ್ದಾಪುರದ ಕಡೆಯ ರೈತರು ಕರ ಕೊಡೆವೆಂದು ಎದ್ದು ನಿಂತು ಜಮೀನು ಕಳೆದುಕೊಂಡದ್ದು ಈ ದಿನಗಳಲ್ಲೇ. ಎದ್ದು ನಿಲ್ಲಲಾಗದ ಕಡೆ ಜನ ಪೆಟ್ಟಿಗೆ ತೆಗೆದರು.

ಇದರ ಮೇಲೆ ರೂಪಾಯಿಯ ಕಟ್ಟು ಬೇರೆ. 1927ರ ಕಾನೂನಿನಿಂದ ಸರ್ಕಾರ ಒಂದು ರೂಪಾಯಿಗೆ 1 ಷಿಲ್ಲಿಂಗ್ 6 ಪೆನ್ಸ್ ಎಂದು ಬಿಗಿದಿತ್ತು. 1 ಷಿಲ್ಲಿಂಗ್ 4 ಪೆನ್ಸೇ ಇರಲಿ ಎಂದು ಪುರುಷೋತ್ತಮದಾಸ್ ಠಾಕೂರದಾಸ್ ಆಯೋಗದ ಒಳಗಿದ್ದುಕೊಂಡೇ ವಾದಿಸಿ ಸೋತಿದ್ದರು. ಎರಡು ಪೆನ್ನಿಗೆ ಇಷ್ಟು ಜಗಳವೇ ಎನ್ನಬೇಡಿ. ಹೊರದೇಶದಲ್ಲಿ ಒಂದು ಪೌಂಡಿಗೆ ಮಾರಿದ ಹತ್ತಿಗೆ ಹಳೆಯ ದರದಲ್ಲಿ 15 ರೂಪಾಯಿ ಬರುತ್ತಿತ್ತು. ಹೊಸ ದರದಲ್ಲಿ ಬಂದದ್ದು 13 ರೂಪಾಯಿ 5 ಆಣೆ 4 ಪೈ. ಪೌಂಡಿಗೊಂದು ರೂಪಾಯಿ ಹತ್ತಾಣೆಗೂ ಮಿಕ್ಕಿ ರೈತನ ಕೈಯಿಂದ ಜಾರಿತು. ಪಿಂಚಣಿಯನ್ನೂ ಸಾಲದ ಬಡ್ಡಿಯನ್ನೂ ಲಂಡನ್ನಿಗೆ ಕಳುಹಿಸಬೇಕಾಗಿದ್ದ ಸರ್ಕಾರಕ್ಕೆ ಮಾತ್ರ ಈ ದರ ಬಲು ಅನುಕೂಲ. ಕಡಮೆ ರೂಪಾಯಿಗೆ ಹೆಚ್ಚು ಪೌಂಡು ಸಿಗುತ್ತಿತ್ತು.

1931ರ ಸೆಪ್ಟೆಂಬರ್ 21ರಂದು ಇಂಗ್ಲೆಂಡು ತನ್ನ ಪೌಂಡಿಗೂ ಚಿನ್ನಕ್ಕೂ ಇದ್ದ ಗಂಟನ್ನು ಬಿಚ್ಚಿತು. ರೂಪಾಯಿಯನ್ನಾದರೂ ಬಿಟ್ಟರೋ? ಇಲ್ಲ. ಅದೇ ವಾರದಲ್ಲಿ ಅದನ್ನು ಮತ್ತೆ ಪೌಂಡಿನ ಬಾಲಕ್ಕೆ, ಅದೇ 18 ಪೆನ್ಸಿಗೆ ಕಟ್ಟಿದರು. ಪೌಂಡು ಚಿನ್ನದ ಎದುರಿಗೆ ಇಳಿಯಿತು, ಜೊತೆಗೆ ರೂಪಾಯಿಯೂ ಇಳಿಯಿತು. ಅಂದರೆ ರೂಪಾಯಿಯ ಲೆಕ್ಕದಲ್ಲಿ ಚಿನ್ನ ಏರಿತು. ಕಾನೂನಿನಲ್ಲಿ ತೊಲಕ್ಕೆ ರೂ. 21-3-10 ಇದ್ದ ಚಿನ್ನ ಆ ವರ್ಷದ ಕೊನೆಗೆ ಮುಂಬಯಿ ಚಿನಿವಾರ ಪೇಟೆಯಲ್ಲಿ 29ರ ಸುಮಾರಿಗೆ ಬಂತು; ಮುಂದಿನ ಮೂರು ನಾಲ್ಕು ವರ್ಷಗಳಲ್ಲಿ 34, 35 ಮುಟ್ಟಿತು. ಜೋಳ ಅಗ್ಗ, ಹತ್ತಿ ಅಗ್ಗ, ದನ ಅಗ್ಗ. ಮನೆಯಲ್ಲಿ ಬೆಲೆಯುಳ್ಳದ್ದು ಒಂದೇ, ಹೆಂಗಸಿನ ಮೈಮೇಲಿನ ಒಡವೆ.

ಹಳ್ಳಿಯ ಪತ್ತಾರನ ಹತ್ತಿರವೋ ಸಾಲ ಕೊಟ್ಟವನ ಹತ್ತಿರವೋ ಮೊದಲು ಹೋಯಿತು. ಆತ ಒರೆಗಲ್ಲಿಗೆ ತಿಕ್ಕಿ, ಅರಗು ಕಳೆದು, ಹರಳು ಕಿತ್ತು ತೂಕ ಮಾಡಿದ. ಅಲ್ಲಿಂದ ತಾಲ್ಲೂಕಿನ ಸರಾಫ, ಅಲ್ಲಿಂದ ಜಿಲ್ಲೆಯ ಪೇಟೆ, ಅಲ್ಲಿಂದ ರೈಲಿನಲ್ಲಿ ಮುಂಬಯಿ. ಕಾಸಿನ ಸರ, ಡಾಬು, ಬುಗುಡಿ ಎಲ್ಲವೂ ಒಂದೇ ಮೂಸೆಯಲ್ಲಿ ಕರಗಿದವು. ಯಾರ ಮದುವೆಯದು, ಯಾರ ಬಾಣಂತನದ್ದು ಎಂಬ ಗುರುತು ಅಲ್ಲಿಗೆ ಮುಗಿಯಿತು. ತಾಮ್ರ ಬೆಳ್ಳಿ ಬೇರ್ಪಡಿಸಿ ಅಪರಂಜಿ ಗಟ್ಟಿ ಎರೆದರು, ಮುದ್ರೆ ಒತ್ತಿದರು, ಮರದ ಪೆಟ್ಟಿಗೆಗೆ ತುಂಬಿ ಇಂಗ್ಲೆಂಡಿನ ಅಂಚೆ ಹಡಗಿಗೆ ಏರಿಸಿದರು. ಪ್ರತಿಯೊಂದು ಕೈಯೂ ತನ್ನ ಪಾಲು ಮುರಿದುಕೊಂಡೇ ಮುಂದಕ್ಕೆ ದಾಟಿಸಿತು. ಹಾಗಾಗಿ 29 ಎಂಬುದು ಮುಂಬಯಿಯ ಬೆಲೆ. ಹಳ್ಳಿಯ ಜಗಲಿಯ ಮೇಲೆ ಎಣಿಸಿ ಕೊಟ್ಟದ್ದು ಅದಕ್ಕಿಂತ ಕೆಳಗಿನದು.

ಇಲ್ಲೊಂದು ಮಾತು. ಇಂಥ ಕಥೆ ಹೇಳಿದಾಗಲೆಲ್ಲ ಸಭೆಯಲ್ಲಿ ಯಾರಾದರೊಬ್ಬರು ‘ಆ ಸೇಟುಗಳೇ ಹಾಗೆ’ ಎನ್ನುವುದುಂಟು. ಅಂಗಡಿಯ ಗದ್ದುಗೆಯಲ್ಲಿ ಕೂತವನ ಜಾತಿ ಹಿಡಿದು ಬೈಯುವುದು ಸುಲಭ. ಆದರೆ 18 ಪೆನ್ಸಿನ ದರ ಬರೆದವನು ಗಿರವಿ ಅಂಗಡಿಯವನಲ್ಲ, ಕಂದಾಯ ಇಳಿಸಬಾರದೆಂದವನೂ ಅವನಲ್ಲ. ಅವನು ನಡುವಿನ ಕೊಂಡಿ. ಕೊಂಡಿಯನ್ನು ಬಡಿದು ಸರಪಳಿಯ ಎರಡು ತುದಿಗಳನ್ನು ಬಿಟ್ಟುಬಿಡುವ ಸಿಟ್ಟು ನಮಗೆ ಬೇಡ.

ಹೀಗೆ ಹೋದದ್ದು ಎಷ್ಟು? ಮೊದಲ ಆರು ವರ್ಷಗಳಲ್ಲೇ ಸುಮಾರು 300 ಕೋಟಿ ರೂಪಾಯಿಯ ಚಿನ್ನ. ತೂಕದಲ್ಲಿ ಹತ್ತಿರ ಹತ್ತಿರ ಸಾವಿರ ಟನ್ನು. ಕೋಲಾರದ ಗಣಿಯನ್ನು ನೆನೆಯಿರಿ. 1880ರಿಂದ 2001ರಲ್ಲಿ ಮುಚ್ಚುವವರೆಗೆ, ತಲೆಮಾರುಗಳ ಕಾರ್ಮಿಕರು ಭೂಮಿಯೊಳಗೆ ಮೈಲಿಗಳ ಆಳಕ್ಕೆ ಇಳಿದು, ಕಲ್ಲಿನ ಧೂಳು ಕುಡಿದು ಎದೆ ಕೆಡಿಸಿಕೊಂಡು, ನೂರಿಪ್ಪತ್ತು ವರ್ಷ ಅಗೆದು ತೆಗೆದದ್ದು ಒಟ್ಟು ಸುಮಾರು 800 ಟನ್ನು. ಅದಕ್ಕಿಂತ ಹೆಚ್ಚು ಚಿನ್ನ ಆರೇ ವರ್ಷದಲ್ಲಿ ಜನರ ಪೆಟ್ಟಿಗೆಗಳಿಂದ ಎದ್ದುಹೋಯಿತು.

ಬ್ರಿಟಿಷ್ ಹಣಕಾಸಿನ ಮಂತ್ರಿ ನೆವಿಲ್ ಚೇಂಬರ್ಲೇನನು, ಹಿಂದುಸ್ತಾನದ ಮನೆಗಳಲ್ಲಿ ತಮಗೊಂದು ಬೆರಗಿನ ಚಿನ್ನದ ಗಣಿ ಸಿಕ್ಕಿದೆಯೆಂಬ ಅರ್ಥದ ಮಾತನ್ನು ಖಾಸಗಿ ಕಾಗದದಲ್ಲಿ ಬರೆದುಕೊಂಡಿದ್ದಾನೆ. ಸುಳ್ಳಲ್ಲ. 1931ರಲ್ಲಿ ಪೌಂಡನ್ನು ಉಳಿಸಲು ಫ್ರಾನ್ಸು, ಅಮೆರಿಕಗಳಿಂದ ತಂದ ಸಾಲವನ್ನು ಇಂಗ್ಲೆಂಡು 1932ರಲ್ಲಿ ಅಷ್ಟು ಬೇಗ ತೀರಿಸಲು ಈ ಚಿನ್ನದ ಹೊಳೆ ದೊಡ್ಡ ನೆರವಾಯಿತು.

ವಿಚಿತ್ರವೊಂದು ನೋಡಿ. 1922ರ ಮೇ 20ರಂದು ‘ಈಜಿಪ್ಟ್’ ಎಂಬ ಹಡಗು ಲಂಡನ್ನಿನಿಂದ ಮುಂಬಯಿಗೆ ಚಿನ್ನ ಬೆಳ್ಳಿ ಹೊತ್ತು ಬರುವಾಗ ಫ್ರಾನ್ಸಿನ ಕರಾವಳಿಯ ಬಳಿ ಮಂಜಿನಲ್ಲಿ ಇನ್ನೊಂದು ಹಡಗು ಡಿಕ್ಕಿ ಹೊಡೆದು ಮುಳುಗಿತ್ತು. ಇಟಲಿಯ ಮುಳುಗುಗಾರರು ವರ್ಷಗಟ್ಟಲೆ ಹುಡುಕಿ 1932ರ ಜೂನಿನಲ್ಲಿ ಅದರ ಚಿನ್ನವನ್ನು ಮೇಲೆತ್ತಿದರು. ಲೋಕದ ಪತ್ರಿಕೆಗಳೆಲ್ಲ ಆ ಸಾಹಸವನ್ನು ಹೊಗಳಿ ಬರೆದವು. ನಮ್ಮ ಕಡೆಗೆ ಹೊರಟಿದ್ದ ಚಿನ್ನ ಸಮುದ್ರದ ತಳದಿಂದ ಎದ್ದ ಆ ತಿಂಗಳಲ್ಲಿ, ನಮ್ಮ ಚಿನ್ನ ಹಡಗು ಹಡಗಾಗಿ ಅದೇ ನೀರಿನ ಮೇಲೆ ಎದುರು ದಿಕ್ಕಿಗೆ ಸಾಗುತ್ತಿತ್ತು.

ಸರ್ಕಾರದ ಸಮಾಧಾನ ಏನಾಗಿತ್ತು? ‘ಜನ ಅಗ್ಗದಲ್ಲಿ ಕೊಂಡದ್ದನ್ನು ತುಟ್ಟಿಗೆ ಮಾರಿ ಲಾಭ ಮಾಡಿಕೊಳ್ಳುತ್ತಿದ್ದಾರೆ, ತಡೆಯಲು ನಾವು ಯಾರು?’ ಈ ಮಾತಿನಲ್ಲಿ ಒಂದು ಗುಲಗಂಜಿ ನಿಜವಿದೆ. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಮಾರಿದವರೆಲ್ಲ ಕಷ್ಟದಲ್ಲಿದ್ದವರಲ್ಲ, ಬೆಲೆ ನೋಡಿ ಮಾರಿದ ಉಳ್ಳವರೂ ಇದ್ದರು. ಚಿನ್ನದ ಬೆಲೆ ಏರದೆ ಹೋಗಿದ್ದರೆ ಎಷ್ಟೋ ರೈತರು ಒಡವೆಯ ಬದಲು ಹೊಲವನ್ನೇ ಮಾರಬೇಕಾಗುತ್ತಿತ್ತು. ಆದರೆ ಕಂದಾಯದ ಗಡುವಿಗೆ ಹೆದರಿ ಮಾರುವವನನ್ನು ಲಾಭಕೋರ ಎನ್ನುವುದು, ಹಸಿವಿನಿಂದ ಬಿದ್ದವನನ್ನು ಉಪವಾಸವ್ರತದವನು ಎಂದಂತೆ. ಚಿನ್ನದ ರಫ್ತನ್ನು ನಿಲ್ಲಿಸಿ, ಇಲ್ಲವೇ ಪೇಟೆಯ ಬೆಲೆಗೆ ನೀವೇ ಕೊಂಡು ದೇಶದ ಬೊಕ್ಕಸದಲ್ಲಿಡಿ ಎಂದು ಕಾಂಗ್ರೆಸ್ಸಿನವರೂ ವರ್ತಕರ ಸಂಘಗಳೂ ಕೇಳಿದರು. ಎರಡನೆಯದು ಎಷ್ಟು ಸರಳವಾದ ಬೇಡಿಕೆ! ಮಾರುವವನಿಗೆ ರೊಕ್ಕವೂ ಸಿಗುತ್ತಿತ್ತು, ಚಿನ್ನವೂ ಇಲ್ಲೇ ಇರುತ್ತಿತ್ತು. ದೆಹಲಿಯಲ್ಲಿ ಕೂತ ಸರ್ಕಾರ ಎರಡನ್ನೂ ಮಾಡಲಿಲ್ಲ.

ಹತ್ತು ವರ್ಷವಾಯಿತು, ಯುದ್ಧ ಬಂತು, ನೋಟು ಹೆಚ್ಚಿತು, ಬೆಲೆಗಳು ಆಕಾಶಕ್ಕೇರಿದವು. ಆಗ ಅದೇ ಇಂಗ್ಲೆಂಡು, ಅಮೆರಿಕದ ಜೊತೆ ಸೇರಿ, 1943ರಿಂದ ರಿಸರ್ವ್ ಬ್ಯಾಂಕಿನ ಮೂಲಕ ಇಲ್ಲಿ ಚಿನ್ನ ಮಾರಿತು. ಬೆಲೆ ತೊಲಕ್ಕೆ ಎಪ್ಪತ್ತರ ಆಸುಪಾಸು. ಮೂವತ್ತರಲ್ಲಿ ಕೊಂಡು ಎಪ್ಪತ್ತಕ್ಕೆ ಮಾರುವುದನ್ನು ನಮ್ಮ ಪೇಟೆಯ ಯಾವ ವರ್ತಕನಾದರೂ ಮಾಡಿದರೆ ಏನನ್ನುತ್ತೀರಿ? 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ‘ಫೋರ್ಟ್ ಸ್ಟೀಕಿನ್’ ಹಡಗು ಸಿಡಿಯಿತಲ್ಲ, ಅದರಲ್ಲಿ ಮದ್ದುಗುಂಡು, ಹತ್ತಿಯ ಬೇಲುಗಳ ಜೊತೆಗೆ 31 ಪೆಟ್ಟಿಗೆಗಳಲ್ಲಿ 124 ಚಿನ್ನದ ಗಟ್ಟಿಗಳಿದ್ದವು. ಗಟ್ಟಿಗಳು ಆಕಾಶಕ್ಕೆ ಹಾರಿ ಊರ ಮನೆಗಳ ಮೇಲೆ ಬಿದ್ದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅಂದು ಸತ್ತ ನೂರಾರು ಬಂದರು ಕೂಲಿಗಳ, ಬೆಂಕಿ ಆರಿಸುವವರ ಮಾತು ಹೇಳುವವರು ಕಡಮೆ.

ಸ್ವಾತಂತ್ರ್ಯ ಬಂದ ಮೇಲಿನ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇವೆ. 1963ರ ಜನವರಿಯಲ್ಲಿ ಮೊರಾರ್ಜಿ ದೇಸಾಯಿಯವರ ಚಿನ್ನದ ಹತೋಟಿ ಬಂತು. 14 ಕ್ಯಾರಟ್ಟಿಗಿಂತ ಮೇಲಿನ ಒಡವೆ ಮಾಡಕೂಡದೆಂದರು. ಕಳ್ಳಸಾಗಣೆ ನಿಲ್ಲಲಿಲ್ಲ. ಅಕ್ಕಸಾಲಿಗರ ಕುಲುಮೆ ಆರಿತು, ಕೆಲವರು ಪ್ರಾಣವನ್ನೇ ಕಳೆದುಕೊಂಡರು. 1968ರ ಕಾಯಿದೆ 1990ರಲ್ಲಿ ರದ್ದಾಯಿತು. ಮರು ವರ್ಷವೇ ಬೊಕ್ಕಸದಲ್ಲಿ ವಿದೇಶಿ ಹಣ ಮೂರು ವಾರಕ್ಕೂ ಸಾಲದ ಸ್ಥಿತಿ ಬಂತು. 1991ರ ಮೇ ತಿಂಗಳಲ್ಲಿ, ಕಳ್ಳಸಾಗಣೆದಾರರಿಂದ ಹಿಡಿದಿಟ್ಟಿದ್ದ 20 ಟನ್ನು ಚಿನ್ನವನ್ನು ಸ್ಟೇಟ್ ಬ್ಯಾಂಕಿನ ಮೂಲಕ, ಮತ್ತೆ ಕೊಳ್ಳುವ ಕರಾರಿನ ಮೇಲೆ, ಸ್ವಿಟ್ಜರ್ಲೆಂಡಿನ ಬ್ಯಾಂಕಿಗೆ ಮಾರಿದರು. ಜುಲೈನಲ್ಲಿ ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ನು ವಿಮಾನದಲ್ಲಿ ಹೋಗಿ ಬ್ಯಾಂಕ್ ಆಫ್ ಇಂಗ್ಲೆಂಡ್, ಬ್ಯಾಂಕ್ ಆಫ್ ಜಪಾನ್‌ಗಳ ಸಾಲಕ್ಕೆ ಒತ್ತೆಯಾಯಿತು. ಮೇ ತಿಂಗಳ ಪ್ರಧಾನಿ ಚಂದ್ರಶೇಖರ್. ನಮ್ಮ ಸಮಾಜವಾದಿ ಬಳಗದಿಂದಲೇ ಬಂದವರು. ಅವರನ್ನು ನಾವು ದೂರುವುದಿಲ್ಲ. ಸಾಲ ಮಾಡಿದವರು ಬೇರೆ, ಗಿರವಿ ಅಂಗಡಿಗೆ ನಡೆದು ಹೋಗಬೇಕಾಗಿ ಬಂದವರು ಬೇರೆ. ಮನೆಯಲ್ಲೂ ಹಾಗೇ ಆಗುತ್ತದೆ.

ಕೊರಿಯಾ ದೇಶದ ಜನ ಇದನ್ನು ಇನ್ನೂ ದೊಡ್ಡದಾಗಿ ಕಂಡರು. 1997ರ ಕೊನೆಯಲ್ಲಿ ದಕ್ಷಿಣ ಕೊರಿಯಾ ದಿವಾಳಿಯ ಅಂಚಿಗೆ ಬಂದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಂದೆ ಕೈಯೊಡ್ಡಿತು. 1998ರ ಜನವರಿಯಿಂದ ಜನ ಸಾಲುಗಟ್ಟಿ ಬ್ಯಾಂಕುಗಳಿಗೆ ಚಿನ್ನ ತಂದರು. ಮದುವೆಯ ಉಂಗುರ, ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಬಂಧುಗಳು ಕೊಡುವ ಪುಟ್ಟ ಉಂಗುರ, ಆಟಗಾರರ ಪದಕ. ಸುಮಾರು 35 ಲಕ್ಷ ಜನ, 227 ಟನ್ನು. ಎಲ್ಲವನ್ನೂ ಕರಗಿಸಿ ಗಟ್ಟಿ ಮಾಡಿ ಹೊರದೇಶಕ್ಕೆ ಮಾರಿದರು. ಬಂದದ್ದು 200 ಕೋಟಿ ಡಾಲರಿಗೂ ಹೆಚ್ಚು. ಆ ಜನರ ದೇಶಾಭಿಮಾನಕ್ಕೆ ನಾವು ತಲೆಬಾಗುತ್ತೇವೆ. ಆದರೆ ಸಾಲ ಮಾಡಿದ್ದು ದೊಡ್ಡ ಕೈಗಾರಿಕಾ ಮನೆತನಗಳು ಮತ್ತು ಬ್ಯಾಂಕುಗಳು. ಉಂಗುರ ಕಳಚಿದ ಕೈಗಳಲ್ಲಿ ಎಷ್ಟೋ ಕೈಗಳು ಅದೇ ವರ್ಷ ಕೆಲಸವನ್ನೂ ಕಳೆದುಕೊಂಡವು. 2008ರ ಕುಸಿತದ ನಂತರ ಇಟಲಿಯ ಪೇಟೆಗಳಲ್ಲಿಯೂ ‘ಕೊಂಪ್ರೊ ಓರೊ’ ಎಂಬ ಅಂಗಡಿಗಳು ಬೀದಿಗೊಂದರಂತೆ ಎದ್ದವು. ‘ಚಿನ್ನ ಕೊಳ್ಳುತ್ತೇನೆ’ ಎಂದೇ ಅದರ ಅರ್ಥ. ಅಲ್ಲಿಯ ಮುರುಕು ಗಡಿ ದಾಟಿ ಸ್ವಿಟ್ಜರ್ಲೆಂಡಿನ ಶುದ್ಧೀಕರಣ ಕಾರ್ಖಾನೆಗಳಿಗೆ ಹೋಯಿತು. ಹೇಳಿಕೊಳ್ಳುವಂಥ ಗಣಿಯಿಲ್ಲದ ಆ ದೇಶ ಲೋಕದ ಚಿನ್ನದಲ್ಲಿ ಬಹುದೊಡ್ಡ ಪಾಲನ್ನು ಕರಗಿಸಿ ತಿದ್ದುತ್ತದೆ.

ನಮ್ಮ ಬೀದಿಯ ಐದು ಬೋರ್ಡುಗಳ ಲೆಕ್ಕಕ್ಕೆ ಬರೋಣ. ಒಂದು ಜೊತೆ ಹಳೆಯ ಬಳೆ 24 ಗ್ರಾಂ ತೂಗಿತೆಂದು ಇಟ್ಟುಕೊಳ್ಳಿ. ಹರಳು, ಅರಗು ಎಂದು 2 ಗ್ರಾಂ ಕಳೆದರು, ಉಳಿದದ್ದು 22. ಮಾಡಿದಾಗ 22 ಕ್ಯಾರಟ್ಟೆಂದು ಕೊಟ್ಟಿದ್ದರೂ ಬೆಸುಗೆಯ ಕಾರಣದಿಂದ ನೂರಕ್ಕೆ 88 ಬಂತೆನ್ನಿ. ಅಪ್ಪಟ ಚಿನ್ನ 19.36 ಗ್ರಾಂ. ಇದರ ಮೇಲೆ ‘ಕರಗಿಸುವ ನಷ್ಟ’ ಎಂದು ನೂರಕ್ಕೆ 3 ಹಿಡಿದರೆ 18.78. ಮನೆಯಿಂದ 24 ಎಂದು ಹೊರಟದ್ದು ಇಲ್ಲಿಗೆ ಬಂತು. ಹರಳಿನ ಕಳೆತ ನ್ಯಾಯ, ಬೆಸುಗೆಯದೂ ನ್ಯಾಯ. ಆದರೆ ಕೊನೆಯ ನೂರಕ್ಕೆ ಮೂರು ಯಾವ ಲೆಕ್ಕ? ಕಿಲೋಗಟ್ಟಲೆ ತರುವವನಿಗೆ ದೊಡ್ಡ ಕಾರ್ಖಾನೆ ಹಿಡಿಯುವುದು ನೂರಕ್ಕೆ ಒಂದಕ್ಕಿಂತ ಕಡಮೆ. ಲಂಡನ್ ಪೇಟೆಯಲ್ಲಿ ಕೈಬದಲಾಗುವ ಒಂದು ಗಟ್ಟಿಯ ತೂಕ ಸುಮಾರು 400 ಔನ್ಸು, ಅಂದರೆ ಹನ್ನೆರಡೂವರೆ ಕಿಲೋ. ದಿನದ ಬೆಲೆ ಕಟ್ಟುವುದು ಆ ಗಟ್ಟಿಯವರು. ಮೂಗುತಿಯವಳು ಆ ಬೆಲೆಯನ್ನು ಮೊಬೈಲಿನಲ್ಲಿ ನೋಡಬಹುದು, ಅಷ್ಟೆ. ಆ ಬೆಲೆಗೆ ಮಾರಲಾರಳು.

ಆದ್ದರಿಂದ ಮಾರಲೇಬೇಕಾದಲ್ಲಿ ಹೀಗೆ ಮಾಡಿ. ಮನೆಯಲ್ಲೋ ಪರಿಚಯದ ಅಂಗಡಿಯಲ್ಲೋ ಮೊದಲು ತೂಕ ನೋಡಿಕೊಂಡು ಹೋಗಿ. ಕರಗಿಸುವುದಾದರೆ ನಿಮ್ಮ ಕಣ್ಣೆದುರಿಗೆ ಕರಗಿಸಲಿ. ಒಳಕೋಣೆಗೆ ಒಯ್ಯಲು ಬಿಡಬೇಡಿ. ಕಿತ್ತ ಹರಳು ನಿಮ್ಮದು, ಕೇಳಿ ತನ್ನಿ. ತೂಕ, ಒರೆ, ಕಳೆತ, ದರ ನಾಲ್ಕನ್ನೂ ಬರೆದ ಬಿಲ್ಲಿಲ್ಲದೆ ರೊಕ್ಕ ಮುಟ್ಟಬೇಡಿ. 2021ರ ಜೂನಿನಿಂದ ಒಡವೆ ಮಾರುವ ಅಂಗಡಿಗಳಿಗೆ ಹಾಲ್‌ಮಾರ್ಕ್ ಕಡ್ಡಾಯವಾಗುತ್ತ ಬಂದಿದೆ. 916 ಎಂಬ ಗುರುತಿರುವ ಒಡವೆಗೆ ‘ಒರೆ ಕಡಮೆ’ ಎಂದು ಬಾಯಿಮಾತಿನಲ್ಲಿ ಹೇಳಿದರೆ ಒಪ್ಪಬೇಡಿ, ಪರೀಕ್ಷೆ ಮಾಡಿ ತೋರಿಸು ಎನ್ನಿ. ಗಂಡಸರಿಗೆ ಬೇರೆಯಾಗಿ ಒಂದು ಮಾತು: ತವರಿನ ಒಡವೆ ಅವಳ ಸ್ವತ್ತು, ಕಾನೂನೂ ಹಾಗೇ ಹೇಳುತ್ತದೆ. ಅವಳನ್ನು ಕೇಳದೆ ಪೆಟ್ಟಿಗೆ ತೆರೆಯಬೇಡಿ.

ಮಾರುವುದಕ್ಕಿಂತ ಒತ್ತೆಯಿಡುವುದು ಲೇಸು, ಬಿಡಿಸಿಕೊಳ್ಳುವ ದಾರಿಯಿದ್ದರೆ. 2020ರಲ್ಲಿ, ಕರೋನಾ ಕಾಲದಲ್ಲಿ, ರಿಸರ್ವ್ ಬ್ಯಾಂಕು ಚಿನ್ನದ ಬೆಲೆಯ ನೂರಕ್ಕೆ 75ರ ಬದಲು 90ರವರೆಗೆ ಸಾಲ ಕೊಡಬಹುದೆಂದು ಬ್ಯಾಂಕುಗಳಿಗೆ ಕೆಲವು ತಿಂಗಳ ಮಟ್ಟಿಗೆ ಅಪ್ಪಣೆ ಕೊಟ್ಟಿತ್ತು. ಕೈಗೆ ಹೆಚ್ಚು ಬಂತೆಂದು ಜನ ಸಂತೋಷಪಟ್ಟರು. ಆದರೆ 90 ಪಡೆದವನಿಗೆ ಬಡ್ಡಿ ಸೇರಿ ನೂರಾಗಲು ಎಷ್ಟು ದಿನ ಬೇಕು? ಬೆಲೆ ಸ್ವಲ್ಪ ಇಳಿದರೂ ಹರಾಜಿನ ನೋಟೀಸು ಮನೆ ಬಾಗಿಲಿಗೆ ಬರುತ್ತದೆ. ಹರಾಜಾದ ಒಡವೆ ಮತ್ತೆ ಅದೇ ಮೂಸೆಗೆ. ದೀಪಾವಳಿಯ ಸರಕಿಗೆಂದು ಬಳೆ ಒತ್ತೆಯಿಟ್ಟು ಯುಗಾದಿಗೆ ಬಿಡಿಸುವ ಅಂಗಡಿಕಾರರಿಗೆ ಈ ಲೆಕ್ಕ ಗೊತ್ತು. ಸಂಬಳವೇ ಬಾರದ ಕಾರ್ಮಿಕನಿಗೆ ಯುಗಾದಿ ಯಾವಾಗ?

2025ರಲ್ಲಿ ಹತ್ತು ಗ್ರಾಂ ಚಿನ್ನ ಲಕ್ಷ ರೂಪಾಯಿ ದಾಟಿತು. ‘ಈಗಲ್ಲದೆ ಇನ್ನಾವಾಗ ಮಾರುತ್ತೀರಿ’ ಎಂದು ಬೋರ್ಡಿನವರು ಹೇಳುತ್ತಾರೆ. 1931ರಲ್ಲೂ ಇದನ್ನೇ ಹೇಳಿದ್ದರು. ಮಾರಿದವರು ತಮ್ಮ ಮಕ್ಕಳ ಮದುವೆಗೆ ಅದೇ ಚಿನ್ನವನ್ನು ಎರಡರಷ್ಟು ಕೊಟ್ಟು ಕೊಂಡರು.

ನಮ್ಮ ಪತ್ತಿನ ಸಹಕಾರ ಸಂಘದ ವಿಶೇಷ ಸಭೆಯ ಮುಂದೆ ಬಂದಿರುವ ಸೂಚನೆ ಇದೇ ಕಾರಣಕ್ಕಾಗಿ. ಸಂಘದ ಮೀಸಲು ನಿಧಿಯಿಂದ 20 ಲಕ್ಷ ರೂಪಾಯಿ ತೆಗೆದಿಟ್ಟು, ಬಾಕಿ ಸಂಬಳದ ಕಾರ್ಮಿಕರಿಗೂ ಸಣ್ಣ ಅಂಗಡಿಯವರಿಗೂ ಚಿನ್ನದ ಒತ್ತೆಯ ಮೇಲೆ ನೂರಕ್ಕೆ 9ರ ಬಡ್ಡಿಗೆ ಸಾಲ ಕೊಡುವುದು. ಬೆಲೆಯ ನೂರಕ್ಕೆ 60ಕ್ಕಿಂತ ಹೆಚ್ಚು ಕೊಡದಿರುವುದು. ಗಿರಣಿ ಬಾಕಿ ತೀರಿಸುವ ತನಕ ಆ ಕಾರ್ಮಿಕರ ಒಡವೆಯನ್ನು ಹರಾಜಿಗೆ ಹಾಕದಿರುವುದು. ಕೆಲವು ಷೇರುದಾರರು ಆಕ್ಷೇಪಿಸಿದ್ದಾರೆ. ನಿಧಿ ಕಟ್ಟಿಬೀಳುತ್ತದೆ, ಗಿರಣಿ ಕೊಡದೇ ಹೋದರೆ ಗತಿ ಏನು ಎಂಬುದು ಅವರ ಪ್ರಶ್ನೆ. ಅದು ಪುಕ್ಕಟೆ ಪ್ರಶ್ನೆಯಲ್ಲ. ನೂರಕ್ಕೆ 60 ಎಂದು ಇಟ್ಟಿರುವುದು ಅದಕ್ಕಾಗಿಯೇ: ಎರಡು ವರ್ಷದ ಬಡ್ಡಿ ಕೂಡಿದರೂ 71 ದಾಟುವುದಿಲ್ಲ, ಅಷ್ಟರಮಟ್ಟಿಗೆ ನಿಧಿಗೆ ಕಾವಲಿದೆ. ಅದಕ್ಕೂ ಹೆಚ್ಚು ಕಾಲ ಗಿರಣಿ ಸತಾಯಿಸಿದರೆ ಏನು ಮಾಡುವುದೆಂಬ ಬಗ್ಗೆ ಸೂಚನೆಯಲ್ಲಿ ಏನೂ ಇಲ್ಲ. ಸಭೆಯಲ್ಲಿ ಒಂದು ತಿದ್ದುಪಡಿ ತರಬೇಕು, ನಾವೂ ತರುತ್ತೇವೆ.

ಸಭೆ ಬರುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ, ಸಂಘದ ಕಚೇರಿಯ ಮಹಡಿಯ ಮೇಲೆ. ಷೇರು ಹೆಂಗಸರ ಹೆಸರಿನಲ್ಲಿದ್ದರೆ ಅವರೇ ಬಂದು ಕೈ ಎತ್ತಬೇಕು, ಪರವಾಗಿ ಬೇರೆಯವರು ಎತ್ತುವಂತಿಲ್ಲ. ಪಾಸ್‌ಬುಕ್ಕು ಮರೆಯಬೇಡಿ.